ಮಗಳ ಇಂಟರ್ನ್‌ಶಿಪ್ ಸಂಬಳ, ತಾಯಿಯ ಎಫ್‌ಡಿ ಬಡ್ಡಿ: ಅಮೆರಿಕದ ಆರೋಗ್ಯ ವಿಮೆಯ ತೆರಿಗೆ ಕ್ರೆಡಿಟ್‌ಗೆ ಯಾರ ಆದಾಯ ಸೇರುತ್ತದೆ?

ಕಂಪನಿ ಕೆಲಸ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಹಿಡಿದವರು, ಲೇಆಫ್ ಆದವರು, ಅಂಗಡಿ-ಹೋಟೆಲ್ ನಡೆಸುವವರು, 65 ತುಂಬುವ ಮೊದಲೇ ನಿವೃತ್ತರಾದವರು. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಮಾರ್ಕೆಟ್‌ಪ್ಲೇಸ್‌ನಿಂದ (ಆರೋಗ್ಯ ವಿಮೆ ಕೊಳ್ಳುವ ಸರ್ಕಾರಿ ತಾಣ) ವಿಮೆ ಕೊಳ್ಳುವವರು ಹೆಚ್ಚಾಗಿ ಇವರೇ. ಪ್ರೀಮಿಯಂ ಟ್ಯಾಕ್ಸ್ ಕ್ರೆಡಿಟ್ (ಆ ವಿಮೆಯ ಕಂತಿನ ಹೊರೆ ಇಳಿಸಲು ಸರ್ಕಾರ ಕೊಡುವ ತೆರಿಗೆ ನೆರವು) ಎಷ್ಟು ಸಿಗುತ್ತದೆ ಎಂದು ನೋಡುವಾಗ ಗಂಡ-ಹೆಂಡತಿ ತಮ್ಮಿಬ್ಬರ ಆದಾಯವನ್ನಷ್ಟೇ ಕೂಡಿಸಿ ಸುಮ್ಮನಾಗುತ್ತಾರೆ. ಕಾನೂನು ಅಲ್ಲಿಗೆ ನಿಲ್ಲುವುದಿಲ್ಲ. ನಿಮ್ಮ ರಿಟರ್ನ್‌ನಲ್ಲಿ ಡಿಪೆಂಡೆಂಟ್ (ಅವಲಂಬಿತರು) ಎಂದು ತೋರಿಸಿದ ಮಗ, ಮಗಳು, ತಾಯಿ, ತಂದೆ ಇವರಲ್ಲಿ ಯಾರಿಗಾದರೂ ಸ್ವಂತ ರಿಟರ್ನ್ ಸಲ್ಲಿಸುವ ಬಾಧ್ಯತೆ ಇದ್ದರೆ, ಅವರ ಆದಾಯವೂ ನಿಮ್ಮ ಲೆಕ್ಕಕ್ಕೆ ಬರುತ್ತದೆ.

2025ರವರೆಗೆ ಇದರಲ್ಲಿ ತಪ್ಪಿದರೆ ಆಗುತ್ತಿದ್ದ ನಷ್ಟಕ್ಕೆ ಒಂದು ಮಿತಿ ಇತ್ತು. 2026ರಿಂದ ಎರಡು ಸಂಗತಿ ಬದಲಾಗಿವೆ. 2021ರಲ್ಲಿ ಬಂದಿದ್ದ ಹೆಚ್ಚುವರಿ ನೆರವು 2025ರ ಕೊನೆಗೆ ಮುಗಿದಿದೆ. ಹಾಗಾಗಿ ಕುಟುಂಬದ ಆದಾಯ ಬಡತನ ರೇಖೆಯ ಶೇ. 400ನ್ನು ಒಂದು ಡಾಲರ್ ದಾಟಿದರೂ ಕ್ರೆಡಿಟ್ ಪೂರ್ತಿ ಹೋಗುತ್ತದೆ. ಎರಡನೆಯದು, ಮುಂಗಡವಾಗಿ ಹೆಚ್ಚು ಪಡೆದ ಕ್ರೆಡಿಟ್ ಹಿಂತಿರುಗಿಸುವುದಕ್ಕೆ ಇದ್ದ ಗರಿಷ್ಠ ಮಿತಿಯನ್ನು 2025ರಲ್ಲಿ ಆದ ಕಾನೂನು ತೆಗೆದುಹಾಕಿದೆ. 2025ರ ವರ್ಷಕ್ಕೆ ಶೇ. 300ರಿಂದ 400ರ ನಡುವಿನ ಕುಟುಂಬ ಹೆಚ್ಚೆಂದರೆ 3,250 ಡಾಲರ್ ಹಿಂತಿರುಗಿಸಿದರೆ ಸಾಕಿತ್ತು. 2026ರ ವರ್ಷಕ್ಕೆ ಹೆಚ್ಚು ಬಂದದ್ದೆಲ್ಲವನ್ನೂ ಕಟ್ಟಬೇಕು.

ಹಂತ 1: ಮನೆಯಲ್ಲಿ ಎಷ್ಟು ಮಂದಿ ಎಂಬುದನ್ನು ರಿಟರ್ನ್ ನೋಡಿ ಹೇಳಿ

ಇಲ್ಲಿ ಕುಟುಂಬ ಎಂದರೆ ಒಂದೇ ಸೂರಿನಡಿ ಇರುವವರಲ್ಲ. ನೀವು, ಜಂಟಿ ರಿಟರ್ನ್‌ನಲ್ಲಿರುವ ಸಂಗಾತಿ ಮತ್ತು ನೀವು ಡಿಪೆಂಡೆಂಟ್ ಎಂದು ತೋರಿಸುವವರು, ಅಷ್ಟೇ. ಅವರಲ್ಲಿ ಯಾರಿಗೆ ಮಾರ್ಕೆಟ್‌ಪ್ಲೇಸ್ ವಿಮೆ ಬೇಕು, ಯಾರಿಗೆ ಬೇಡ ಎಂಬುದು ಈ ಎಣಿಕೆಗೆ ಬರುವುದಿಲ್ಲ. ಮಗಳಿಗೆ ವಿಶ್ವವಿದ್ಯಾಲಯದ್ದೇ ವಿಮೆ ಇದೆ, ಆದ್ದರಿಂದ ಅವಳ ಆದಾಯ ಬರೆಯಬೇಕಿಲ್ಲ ಎಂದುಕೊಳ್ಳುವುದು ಅತಿ ಸಾಮಾನ್ಯವಾದ ತಪ್ಪು.

ಮಗ ಅಥವಾ ಮಗಳು 19 ತುಂಬದವರಾಗಿದ್ದರೆ, ಅಥವಾ 24 ತುಂಬದ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ, ಎಷ್ಟು ದುಡಿದರೂ ಡಿಪೆಂಡೆಂಟ್ ಆಗಿರಬಹುದು. ತಮ್ಮ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾವೇ ಹೊತ್ತುಕೊಂಡಿರಬಾರದು ಎಂಬುದು ಮುಖ್ಯ ಷರತ್ತು. ವರ್ಷದಲ್ಲಿ ಐದು ತಿಂಗಳ ಯಾವುದಾದರೂ ಭಾಗದಲ್ಲಿ ಪೂರ್ಣಾವಧಿ ಓದಿದ್ದರೆ ವಿದ್ಯಾರ್ಥಿಯೆಂದೇ ಲೆಕ್ಕ. ಮೇ ತಿಂಗಳಲ್ಲಿ ಪದವಿ ಮುಗಿಸಿ ಜೂನ್‌ನಲ್ಲಿ ಕೆಲಸಕ್ಕೆ ಸೇರಿದವರ ವಿಷಯದಲ್ಲಿ ಇದು ನೆನಪಿರಲಿ. ಹೆತ್ತವರ ಪಾಲಿಸಿಯಲ್ಲಿ 26ರವರೆಗೆ ಇರಬಹುದು ಎಂಬ ನಿಯಮವೇ ಬೇರೆ, ಅದಕ್ಕೂ ಡಿಪೆಂಡೆಂಟ್ ಆಗುವುದಕ್ಕೂ ಸಂಬಂಧವಿಲ್ಲ.

ಹಂತ 2: ರಿಟರ್ನ್ ಸಲ್ಲಿಸಲೇಬೇಕಿತ್ತೇ?

ಇಡೀ ವಿಷಯದ ಕೀಲಿ ಇಲ್ಲಿದೆ. ಡಿಪೆಂಡೆಂಟ್ ಎಷ್ಟು ದುಡಿದರು ಎಂಬುದು ಎರಡನೆಯ ಪ್ರಶ್ನೆ. ಆದಾಯ ತೆರಿಗೆಯ ಮಿತಿ ದಾಟಿ ರಿಟರ್ನ್ ಸಲ್ಲಿಸುವ ಬಾಧ್ಯತೆ ಅವರ ಮೇಲೆ ಬಂದಿತೇ ಎಂಬುದು ಮೊದಲನೆಯದು. ಬರಲಿಲ್ಲ ಎಂದಾದರೆ ಅವರ ಆದಾಯ ಸೊನ್ನೆ. ಬಂದಿತು ಎಂದಾದರೆ ಅವರ ಇಡೀ ಆದಾಯ ಸೇರುತ್ತದೆ. ಮಿತಿ ಮೀರಿದ ತುಣುಕು ಮಾತ್ರವಲ್ಲ, ಮೊದಲ ಡಾಲರ್‌ನಿಂದ ಕೊನೆಯ ಡಾಲರ್‌ವರೆಗೆ.

ಮದುವೆಯಾಗದ, 65 ತುಂಬದ, ದೃಷ್ಟಿ ಇರುವ ಡಿಪೆಂಡೆಂಟ್‌ಗೆ 2026ರ ಮಿತಿಗಳು ಹೀಗಿವೆ. ಮೂರರಲ್ಲಿ ಒಂದನ್ನು ದಾಟಿದರೂ ಬಾಧ್ಯತೆ ಬಂತು.

- ದುಡಿಮೆಯ ಆದಾಯ (ಸಂಬಳ, ಟಿಪ್ಸ್, ತೆರಿಗೆಗೆ ಒಳಪಡುವ ಸ್ಕಾಲರ್‌ಶಿಪ್ ಭಾಗ) 16,100 ಡಾಲರ್‌ಗಿಂತ ಹೆಚ್ಚು. 2025ಕ್ಕೆ ಇದು 15,750.
- ದುಡಿಯದೆ ಬಂದ ಆದಾಯ (ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭ, ಬಾಡಿಗೆ) 1,350 ಡಾಲರ್‌ಗಿಂತ ಹೆಚ್ಚು.
- ಎರಡೂ ಇದ್ದರೆ, ಒಟ್ಟು ಮೊತ್ತವು 1,350 ಡಾಲರ್ ಅಥವಾ ದುಡಿಮೆಯ ಆದಾಯಕ್ಕೆ 450 ಸೇರಿಸಿದ ಮೊತ್ತ, ಇವೆರಡರಲ್ಲಿ ದೊಡ್ಡದಕ್ಕಿಂತ ಹೆಚ್ಚು.

ಮೂರನೆಯ ಸಾಲಿನಲ್ಲೇ ಜನ ಎಡವುವುದು. ಮಗ ಕಾಲೇಜು ಲೈಬ್ರರಿಯಲ್ಲಿ 4,000 ಡಾಲರ್ ದುಡಿದ, ಬ್ಯಾಂಕಿನಿಂದ 800 ಡಾಲರ್ ಬಡ್ಡಿ ಬಂತು ಎನ್ನಿ. ಸಂಬಳ 16,100ರ ಹತ್ತಿರಕ್ಕೂ ಬಂದಿಲ್ಲ, ಬಡ್ಡಿಯೂ 1,350ರೊಳಗೇ ಇದೆ. ಆದರೆ ಅವನ ಮಿತಿ 4,000 ಕೂಡಿಸು 450, ಅಂದರೆ 4,450. ಒಟ್ಟು ಬಂದದ್ದು 4,800. ರಿಟರ್ನ್ ಕಡ್ಡಾಯ, 4,800 ಪೂರ್ತಿ ನಿಮ್ಮ ಲೆಕ್ಕಕ್ಕೆ. ಬಡ್ಡಿ 400 ಡಾಲರ್ ಇದ್ದಿದ್ದರೆ ಒಟ್ಟು 4,400 ಆಗಿ, ಒಂದು ಡಾಲರ್ ಕೂಡ ಸೇರುತ್ತಿರಲಿಲ್ಲ.

ಸಂಬಳದಿಂದ ಹಿಡಿದ ತೆರಿಗೆ ವಾಪಸ್ ಪಡೆಯಲೆಂದಷ್ಟೇ ಮಗಳು ರಿಟರ್ನ್ ಸಲ್ಲಿಸಿದರೆ ಅದನ್ನು ಸೇರಿಸಬೇಡಿ. ಬೇಸಿಗೆ ಕೆಲಸದಲ್ಲಿ 6,000 ಡಾಲರ್ ದುಡಿದು, ರೀಫಂಡ್‌ಗಾಗಿ ರಿಟರ್ನ್ ಹಾಕಿದವರ ಆದಾಯವನ್ನು ಸುಮ್ಮನೆ ಕೂಡಿಸಿ ಕ್ರೆಡಿಟ್ ಕಳೆದುಕೊಳ್ಳುವ ಕುಟುಂಬಗಳಿವೆ. ರಿಟರ್ನ್ ಸಲ್ಲಿಸಿದ್ದು ಬೇರೆ, ಸಲ್ಲಿಸಲೇಬೇಕಾಗಿದ್ದು ಬೇರೆ. ಟ್ಯೂಷನ್ ಹೇಳಿಯೋ ಡೆಲಿವರಿ ಮಾಡಿಯೋ ಖರ್ಚು ಕಳೆದು 400 ಡಾಲರ್ ಉಳಿದರೆ ಸ್ವಯಂ ಉದ್ಯೋಗದ ತೆರಿಗೆಗಾಗಿ ರಿಟರ್ನ್ ಹಾಕಬೇಕಾಗುತ್ತದೆ, ನಿಜ. ಆದರೆ ಅದು ಆ ತೆರಿಗೆಯ ಬಾಧ್ಯತೆ. ಕ್ರೆಡಿಟ್ ಲೆಕ್ಕ ನೋಡುವುದು ಆದಾಯ ತೆರಿಗೆಯ ಮಿತಿಯನ್ನು.

ಊರಿನ ಎಫ್‌ಡಿಯ ವಿಷಯವನ್ನು ಬಿಡಿಸಿ ಹೇಳಬೇಕು. ಅಜ್ಜ-ಅಜ್ಜಿ ಪ್ರೀತಿಯಿಂದ ಮೊಮ್ಮಗನ ಹೆಸರಿನಲ್ಲಿ 20 ಲಕ್ಷ ರೂಪಾಯಿ ಇಟ್ಟಿದ್ದಾರೆ, ಬಡ್ಡಿ ಶೇ. 6.5 ಎನ್ನಿ. ವರ್ಷಕ್ಕೆ 1,30,000 ರೂಪಾಯಿ. ಡಾಲರ್‌ಗೆ 90 ರೂಪಾಯಿ ಎಂದು ಹಿಡಿದರೆ 1,444 ಡಾಲರ್. ಮಿತಿ ದಾಟಿತು. ಭಾರತದಲ್ಲಿ ಅಪ್ರಾಪ್ತ ಮಕ್ಕಳ ಬಡ್ಡಿಯನ್ನು ಹೆತ್ತವರ ಆದಾಯಕ್ಕೆ ಸೇರಿಸುವ ರೂಢಿ ಇರುವುದರಿಂದ, ಇಲ್ಲಿಯೂ ಹಾಗೆಯೇ ಎಂದು ಹಲವರು ಭಾವಿಸುತ್ತಾರೆ. ಅಮೆರಿಕದಲ್ಲಿ ಅದು ಮಗುವಿನದೇ ಆದಾಯ. ಅಮೆರಿಕದ ಪ್ರಜೆಯಾಗಲಿ, ತೆರಿಗೆ ನಿವಾಸಿಯಾಗಲಿ, ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯವನ್ನೂ ಲೆಕ್ಕಕ್ಕೆ ತರಬೇಕು. ಊರಲ್ಲಿ ಟಿಡಿಎಸ್ ಹಿಡಿದಿದ್ದಾರೆ ಎಂಬುದು ಈ ಮಿತಿಯನ್ನು ಬದಲಿಸುವುದಿಲ್ಲ.

ಮಗುವಿನ ಬಡ್ಡಿ, ಡಿವಿಡೆಂಡನ್ನು ಫಾರ್ಮ್ 8814ರ ಮೂಲಕ ಹೆತ್ತವರ ರಿಟರ್ನ್‌ಗೇ ಸೇರಿಸಿದರೆ ತಪ್ಪಿಸಿಕೊಳ್ಳಬಹುದೇ? ಇಲ್ಲ. ಆ ದಾರಿಯಲ್ಲೂ ಅದು ಕುಟುಂಬದ ಆದಾಯಕ್ಕೆ ಬಂದು ಸೇರುವಂತೆ, ಕ್ರೆಡಿಟ್ ಲೆಕ್ಕ ಹಾಕುವ ಫಾರ್ಮ್ 8962ರ ಸೂಚನೆಗಳಿವೆ.

ಹಂತ 3: ಸೇರಿಸಬೇಕಾದ ಮೊತ್ತ ಯಾವುದು?

ಮಿತಿ ದಾಟಿದವರ ಎಂಎಜಿಐ (ಕ್ರೆಡಿಟ್‌ಗಾಗಿ ಪರಿಷ್ಕರಿಸಿದ ಆದಾಯ) ಸೇರಿಸಬೇಕು. ರಿಟರ್ನ್‌ನ ಎಜಿಐ (ಕೆಲವು ಕಡಿತಗಳ ನಂತರದ ಆದಾಯ) ಸಾಲಿನ ಮೊತ್ತಕ್ಕೆ ಮೂರನ್ನು ಕೂಡಿಸಿ: ತೆರಿಗೆರಹಿತ ಬಡ್ಡಿ (ಮುನಿಸಿಪಲ್ ಬಾಂಡ್‌ನಂಥದ್ದು), ಸೋಷಿಯಲ್ ಸೆಕ್ಯುರಿಟಿಯಲ್ಲಿ (ಸರ್ಕಾರಿ ಪಿಂಚಣಿ) ತೆರಿಗೆಗೆ ಒಳಪಡದ ಭಾಗ, ವಿದೇಶದಲ್ಲಿ ದುಡಿದು ವಿನಾಯಿತಿ ಪಡೆದ ಆದಾಯ.

ಸೋಷಿಯಲ್ ಸೆಕ್ಯುರಿಟಿಯ ನಡೆ ವಿಚಿತ್ರ. ತಂದೆಯನ್ನು ಕಳೆದುಕೊಂಡ ಮಗುವಿಗೆ ಬರುವ ಸರ್ವೈವರ್ ಹಣ ಸಾಮಾನ್ಯವಾಗಿ ರಿಟರ್ನ್ ಮಿತಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೆ ಅದೇ ಮಗು ಬೇರೆ ದುಡಿಮೆಯಿಂದ ಮಿತಿ ದಾಟಿದರೆ, ಆ ಸರ್ವೈವರ್ ಹಣವೂ ಪೂರ್ತಿಯಾಗಿ ಎಂಎಜಿಐಗೆ ಸೇರುತ್ತದೆ. ಎಸ್‌ಎಸ್‌ಐ (ಬಡ ವೃದ್ಧರು, ಅಂಗವಿಕಲರಿಗೆ ಕೊಡುವ ಸರ್ಕಾರಿ ನೆರವು) ಮಾತ್ರ ಎಲ್ಲಿಯೂ ಸೇರುವುದಿಲ್ಲ. ಉಡುಗೊರೆ, ಸಾಲ, ಓದಿಗೆಂದೇ ಬಳಸಿದ 529 (ಶಿಕ್ಷಣ ಉಳಿತಾಯ) ಖಾತೆಯ ಹಣ, ಟ್ಯೂಷನ್ ಫೀಗೆ ಹೋದ ಸ್ಕಾಲರ್‌ಶಿಪ್ ಕೂಡ ಸೇರುವುದಿಲ್ಲ. ಹಾಸ್ಟೆಲ್, ಊಟಕ್ಕೆ ಹೋದ ಸ್ಕಾಲರ್‌ಶಿಪ್ ಸೇರುತ್ತದೆ.

ಹಂತ 4: ಶೇಕಡಾವಾರು ಹಾಕಿ ನೋಡಿ

ವಿಮೆ ವರ್ಷಕ್ಕೆ ಅದರ ಹಿಂದಿನ ವರ್ಷದ ಬಡತನ ರೇಖೆ ಅನ್ವಯ. 2026ರ ವಿಮೆಗೆ 2025ರ ಅಂಕಿಗಳು: ಒಬ್ಬರಿಗೆ 15,650 ಡಾಲರ್, ಮುಂದೆ ಪ್ರತಿಯೊಬ್ಬರಿಗೂ 5,500. ಇಬ್ಬರಿಗೆ 21,150, ಮೂವರಿಗೆ 26,650, ನಾಲ್ವರಿಗೆ 32,150. ಅಲಾಸ್ಕಾ, ಹವಾಯಿಯಲ್ಲಿ ಇದಕ್ಕಿಂತ ಹೆಚ್ಚು. ಇದರ ನಾಲ್ಕು ಪಟ್ಟೇ ಮೇಲಿನ ಗೆರೆ: ಇಬ್ಬರಿಗೆ 84,600, ಮೂವರಿಗೆ 1,06,600, ನಾಲ್ವರಿಗೆ 1,28,600.

ಗೆರೆಯೊಳಗಿದ್ದರೆ ಆದಾಯದ ಒಂದು ಪಾಲನ್ನು ನೀವು ಭರಿಸಬೇಕು. 2026ಕ್ಕೆ ಇದು ಕೆಳಗಿನ ಆದಾಯಕ್ಕೆ ಶೇ. 2.10ರಿಂದ ಆರಂಭವಾಗಿ, ಶೇ. 300ರಿಂದ 400ರ ನಡುವಿನವರಿಗೆ ಶೇ. 9.96. ನಿಮ್ಮ ಪ್ರದೇಶದ ಎರಡನೇ ಅತಿ ಕಡಿಮೆ ಬೆಲೆಯ ಸಿಲ್ವರ್ ಪ್ಲಾನ್‌ನ ಪ್ರೀಮಿಯಂನಲ್ಲಿ ಈ ಪಾಲು ಕಳೆದರೆ ಉಳಿಯುವುದೇ ಕ್ರೆಡಿಟ್.

ಒಂದು ಕುಟುಂಬ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಹೈಸ್ಕೂಲ್ ಮಗ, ಕಾಲೇಜಿನ ಮೂರನೇ ವರ್ಷದಲ್ಲಿರುವ ಮಗಳು. ಹೆತ್ತವರ ಎಂಎಜಿಐ 1,12,000. ಸಿಲ್ವರ್ ಪ್ಲಾನ್ ವರ್ಷಕ್ಕೆ 24,000 ಎಂದಿಟ್ಟುಕೊಳ್ಳಿ.

ಮಗಳು ಬೇಸಿಗೆ ಇಂಟರ್ನ್‌ಶಿಪ್‌ನಲ್ಲಿ 16,000 ದುಡಿದರೆ ಮಿತಿ ದಾಟಲಿಲ್ಲ. ಕುಟುಂಬದ ಆದಾಯ 1,12,000, ಅಂದರೆ ಶೇ. 348. ನಿಮ್ಮ ಪಾಲು 11,155, ಕ್ರೆಡಿಟ್ 12,845 ಡಾಲರ್.

ಅದೇ ಮಗಳು 17,500 ದುಡಿದರೆ 17,500 ಪೂರ್ತಿ ಸೇರಿ 1,29,500 ಆಯಿತು. ಗೆರೆ 1,28,600. ಕ್ರೆಡಿಟ್ ಸೊನ್ನೆ, ಮುಂಗಡ ಪಡೆದಿದ್ದರೆ ಎಲ್ಲವನ್ನೂ ಹಿಂತಿರುಗಿಸಬೇಕು. ಮಗಳು 1,500 ಡಾಲರ್ ಹೆಚ್ಚು ದುಡಿದದ್ದಕ್ಕೆ ಮನೆಗೆ ಬಿದ್ದ ಹೊರೆ 12,845.

ಹಂತ 5: ಗೆರೆಯ ಹತ್ತಿರ ಇದ್ದರೆ ಏನು ಮಾಡಬಹುದು

ಎಲ್ಲಕ್ಕಿಂತ ಉಪಯುಕ್ತವಾದದ್ದು ಮಗಳ ಹೆಸರಿನ ಸಾಂಪ್ರದಾಯಿಕ ಐಆರ್‌ಎ (ನಿವೃತ್ತಿಗಾಗಿ ಉಳಿಸುವ ಖಾತೆ). ರಾತ್ ಅಲ್ಲ, ಸಾಂಪ್ರದಾಯಿಕ. ದುಡಿಮೆಯ ಆದಾಯದೊಳಗೆ, 2026ಕ್ಕೆ 7,500 ಡಾಲರ್‌ವರೆಗೆ ಹಾಕಬಹುದು, ಮುಂದಿನ ವರ್ಷದ ಏಪ್ರಿಲ್ 15ರವರೆಗೂ ಸಮಯವಿದೆ. ಮೇಲಿನ ಮಗಳು 1,000 ಡಾಲರ್ ಹಾಕಿದರೆ ಅವಳ ಎಂಎಜಿಐ 16,500ಕ್ಕೆ ಇಳಿಯುತ್ತದೆ, ಕುಟುಂಬದ್ದು 1,28,500ಕ್ಕೆ. ಗೆರೆಯೊಳಗೆ ಬಂದಿರಿ. ಪಾಲು 12,799, ಕ್ರೆಡಿಟ್ 11,201. ಆ ಸಾವಿರ ಡಾಲರ್ ಹೋಗಲೂ ಇಲ್ಲ, ಮಗಳ ಖಾತೆಯಲ್ಲೇ ಇದೆ. ಒಂದು ಎಚ್ಚರಿಕೆ: ಐಆರ್‌ಎ ಹಾಕಿದ್ದರಿಂದ ರಿಟರ್ನ್ ಬಾಧ್ಯತೆ ತಪ್ಪುವುದಿಲ್ಲ, ಏಕೆಂದರೆ ಆ ಮಿತಿಯನ್ನು ಕಡಿತಕ್ಕೆ ಮೊದಲಿನ ಆದಾಯದಿಂದ ನೋಡುತ್ತಾರೆ. ಇಳಿಯುವುದು ಸೇರಿಸಬೇಕಾದ ಮೊತ್ತ ಮಾತ್ರ.

ಹೆತ್ತವರ ಕಡೆಯಿಂದಲೂ ಇಳಿಸಬಹುದು. ಸ್ವಂತ ಉದ್ಯೋಗದವರಿಗೆ ಸೆಪ್ ಐಆರ್‌ಎ ಇದೆ. 2026ರಿಂದ ಮಾರ್ಕೆಟ್‌ಪ್ಲೇಸ್‌ನ ಬ್ರಾಂಜ್ ಪ್ಲಾನ್‌ಗಳೆಲ್ಲ ಎಚ್‌ಎಸ್‌ಎಗೆ (ಆರೋಗ್ಯ ಉಳಿತಾಯ ಖಾತೆ) ಅರ್ಹ, ಕುಟುಂಬಕ್ಕೆ 8,750 ಡಾಲರ್‌ವರೆಗೆ ಹಾಕಬಹುದು. ಮಗುವಿನ ಹೆಸರಿನ ಷೇರುಗಳಿದ್ದರೆ ಒಂದೇ ವರ್ಷ ಎಲ್ಲವನ್ನೂ ಮಾರಿ ಲಾಭ ಗಳಿಸದೆ, ಎರಡು ವರ್ಷಕ್ಕೆ ಹಂಚಿ 1,350ರೊಳಗೆ ಇಟ್ಟುಕೊಳ್ಳಿ.

ಮಗಳನ್ನು ಡಿಪೆಂಡೆಂಟ್ ಎಂದು ತೋರಿಸದೇ ಬಿಟ್ಟರೆ ಹೇಗೆ ಎಂದು ಹಲವರು ಕೇಳುತ್ತಾರೆ. ಮೇಲಿನ ಕುಟುಂಬಕ್ಕೆ ಅದರಿಂದ ಪ್ರಯೋಜನವಿಲ್ಲ. ಮಗಳು ಹೋದರೆ ಉಳಿದ ಮೂವರ ಗೆರೆ 1,06,600, ಹೆತ್ತವರ 1,12,000 ಅದನ್ನೇ ದಾಟುತ್ತದೆ. ಹೆತ್ತವರದು 1,00,000, ಮಗಳದು 30,000 ಇದ್ದರೆ ಮಾತು ಬೇರೆ: ಅವಳೊಂದಿಗೆ 1,30,000 ಆಗಿ ಹೊರಗೆ, ಅವಳಿಲ್ಲದೆ 1,00,000 ಆಗಿ ಒಳಗೆ. ಆಗಲೂ ಅವಳ ಪಾಲಿನ ಪ್ರೀಮಿಯಂಗೆ ಕ್ರೆಡಿಟ್ ಇರದು. ನೀವು ತೋರಿಸಲು ಸಾಧ್ಯವಿದ್ದ ಡಿಪೆಂಡೆಂಟ್ ಸ್ವತಃ ಕ್ರೆಡಿಟ್ ಪಡೆಯುವಂತಿಲ್ಲ. ಅವಳು ನಿಮ್ಮದೇ ಪಾಲಿಸಿಯಲ್ಲಿದ್ದರೆ ಫಾರ್ಮ್ 8962ರ ನಾಲ್ಕನೇ ಭಾಗದಲ್ಲಿ ಮೊತ್ತಗಳನ್ನು ಹಂಚಬೇಕಾಗುತ್ತದೆ. ಶಿಕ್ಷಣದ ಕ್ರೆಡಿಟ್‌ನ ಲೆಕ್ಕವನ್ನೂ ಜೊತೆಗೆ ಹಾಕಿ ನೋಡದೆ ಈ ದಾರಿ ಹಿಡಿಯಬೇಡಿ.

ಆದಾಯ ಸೇರಿದರೆ ಒಳ್ಳೆಯದಾಗುವ ಸಂದರ್ಭ

ಗೆರೆ ಮೇಲೆ ಮಾತ್ರವಲ್ಲ, ಕೆಳಗೂ ಇದೆ. ಟೆಕ್ಸಾಸ್, ಫ್ಲೋರಿಡಾದಂಥ ರಾಜ್ಯಗಳು ದೊಡ್ಡವರಿಗೆ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ವಿಸ್ತರಿಸಿಲ್ಲ. ಅಲ್ಲಿ ನಾಲ್ವರ ಕುಟುಂಬ 32,150ಕ್ಕಿಂತ ಕಡಿಮೆ ದುಡಿದರೆ ದೊಡ್ಡವರಿಗೆ ಮೆಡಿಕೇಡೂ ಸಿಗದೆ ಕ್ರೆಡಿಟ್ಟೂ ಸಿಗದೆ ಹೋಗಬಹುದು. ಹೆತ್ತವರದು 28,000, ವಿದ್ಯಾರ್ಥಿ ಮಗನದು 17,000 ಇದ್ದರೆ ಒಟ್ಟು 45,000, ಶೇ. 139. ಕ್ರೆಡಿಟ್ ಬರುತ್ತದೆ. ಮಗ 16,000ಕ್ಕೆ ನಿಂತಿದ್ದರೆ ಅವನದು ಸೇರದೆ 28,000ವೇ ಉಳಿಯುತ್ತಿತ್ತು. ಇಂಥ ಮನೆಯಲ್ಲಿ ಐಆರ್‌ಎ ಹಾಕುವ ಮೊದಲು ಎರಡು ಸಲ ಯೋಚಿಸಿ.

ಊರಿನಿಂದ ಬಂದ ತಂದೆ-ತಾಯಿ

ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ತಂದೆ-ತಾಯಿಗೆ ನೀವು ಎಷ್ಟೇ ಹಣ ಕಳಿಸಿದರೂ, ಅವರು ಅಮೆರಿಕದ ಪ್ರಜೆ ಅಥವಾ ತೆರಿಗೆ ನಿವಾಸಿ ಆಗಿಲ್ಲದಿದ್ದರೆ ಡಿಪೆಂಡೆಂಟ್ ಎಂದು ತೋರಿಸಲಾಗದು. ಕುಟುಂಬದ ಸಂಖ್ಯೆ ಹೆಚ್ಚಿಸಲು ಅವರ ಹೆಸರು ಬರೆಯಬೇಡಿ.

ಗ್ರೀನ್ ಕಾರ್ಡ್ ಪಡೆದು ಇಲ್ಲೇ ಇರುವವರ ಮಾತು ಬೇರೆ. ಖರ್ಚಿನ ಅರ್ಧಕ್ಕಿಂತ ಹೆಚ್ಚು ನೀವು ಭರಿಸುತ್ತಿರಬೇಕು, ಅವರ ಒಟ್ಟು ಆದಾಯ 2026ರಲ್ಲಿ 5,300 ಡಾಲರ್‌ಗಿಂತ ಕಡಿಮೆ ಇರಬೇಕು. ಈ ಆದಾಯದಲ್ಲಿ ಊರಿನ ಮನೆ ಬಾಡಿಗೆ ಸೇರುತ್ತದೆ, ಅದೂ ರಿಪೇರಿ, ಕಂದಾಯ ಕಳೆಯುವ ಮೊದಲಿನ ಪೂರ್ತಿ ಬಾಡಿಗೆ. ಅಡಿಕೆ ತೋಟದ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಇಲ್ಲಿ ಇದೆ. ಎಫ್‌ಡಿ ಬಡ್ಡಿಯೂ ಸೇರುತ್ತದೆ.

ಪತಿ ಇಲ್ಲದ, 65 ದಾಟಿದ ತಾಯಿಗೆ ದುಡಿಯದೆ ಬಂದ ಆದಾಯದ ಮಿತಿ 2026ರಲ್ಲಿ 3,400 ಡಾಲರ್ (1,350 ಮತ್ತು ವಯಸ್ಸಿಗಾಗಿ 2,050). ಹಾಗಾಗಿ ಬಡ್ಡಿ 3,000 ಇದ್ದರೆ ಅವರು ಡಿಪೆಂಡೆಂಟ್ ಆಗಿ ಸಂಖ್ಯೆ ಹೆಚ್ಚಿಸುತ್ತಾರೆ, ಆದಾಯ ಹೆಚ್ಚಿಸುವುದಿಲ್ಲ. 3,400 ದಾಟಿ 5,300ರೊಳಗೆ ಇದ್ದರೆ ಎರಡೂ ಆಗುತ್ತದೆ. 5,300 ಮುಟ್ಟಿದರೆ ಡಿಪೆಂಡೆಂಟೇ ಅಲ್ಲ, ಅವರದೇ ಬೇರೆ ಕುಟುಂಬ.

ಆ ಕೊನೆಯ ಸ್ಥಿತಿ ಈಗ ಕಷ್ಟದ್ದು. ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗದವರಿಗೆ ಬಹುತೇಕ ಕಡೆ ಮೆಡಿಕೇಡ್ ಸಿಗುವುದಿಲ್ಲ. ಮೊದಲು ಅಂಥವರಿಗೆ ಆದಾಯ ಶೇ. 100ಕ್ಕಿಂತ ಕಡಿಮೆ ಇದ್ದರೂ ಕ್ರೆಡಿಟ್ ಕೊಡುತ್ತಿದ್ದರು. 2026ರಿಂದ ಅದು ನಿಂತಿದೆ. ಬೇರೆ ಕುಟುಂಬವಾಗಿ ನಿಂತ ತಾಯಿಯ ಆದಾಯ ಕನಿಷ್ಠ 15,650 ಇರಬೇಕು. ಡಿಪೆಂಡೆಂಟ್ ಆಗಿದ್ದರೆ ನಿಮ್ಮ ಇಡೀ ಕುಟುಂಬದ ಆದಾಯದಿಂದ ಅಳೆಯುತ್ತಾರೆ. ನಿಮಗೆ ಕಂಪನಿಯ ವಿಮೆ ಇದ್ದರೂ ತಾಯಿಗೆ ಅದರಲ್ಲಿ ಜಾಗವಿಲ್ಲದಿದ್ದರೆ, ಅವರೊಬ್ಬರ ಮಾರ್ಕೆಟ್‌ಪ್ಲೇಸ್ ಪ್ಲಾನ್‌ಗೆ ನಿಮ್ಮ ರಿಟರ್ನ್‌ನಲ್ಲಿ ಕ್ರೆಡಿಟ್ ಪಡೆಯಬಹುದು, ನಿಮ್ಮ ಆದಾಯ ಶೇ. 400ರೊಳಗೆ ಇದ್ದರೆ. 65 ದಾಟಿದರೂ, ಉಚಿತ ಮೆಡಿಕೇರ್ ಪಾರ್ಟ್ ಎಗೆ (ಹಿರಿಯರ ಸರ್ಕಾರಿ ವಿಮೆಯ ಆಸ್ಪತ್ರೆ ಭಾಗ) ಅರ್ಹರಲ್ಲದವರು ಮೆಡಿಕೇರ್‌ಗೆ ಸೇರದಿರುವವರೆಗೂ ಇದು ಅನ್ವಯ.

ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿರುವವರಿಗೆ 2027ರ ಜನವರಿ 1ರಿಂದ ಈ ಕ್ರೆಡಿಟ್ ಇಲ್ಲ. ಗ್ರೀನ್ ಕಾರ್ಡ್ ಸರದಿಯಲ್ಲಿ ಕಾಯುತ್ತಿರುವ ಕುಟುಂಬಗಳು 2027ರ ಬಜೆಟ್ಟನ್ನು ಪೂರ್ತಿ ಪ್ರೀಮಿಯಂ ಹಿಡಿದೇ ಹಾಕಿಕೊಳ್ಳಿ.

ಹಂತ 6: ಅರ್ಜಿ, ತಿದ್ದುಪಡಿ, ರಿಟರ್ನ್

ಹೆಲ್ತ್‌ಕೇರ್.ಗವ್ ಅಥವಾ ನಿಮ್ಮ ರಾಜ್ಯದ ಮಾರ್ಕೆಟ್‌ಪ್ಲೇಸ್‌ನಲ್ಲಿ ಅರ್ಜಿ ತುಂಬುವಾಗ ವಿಮೆ ಬೇಡದ ಡಿಪೆಂಡೆಂಟ್‌ಗಳನ್ನೂ ಸೇರಿಸಿ, ಅವರ ವರ್ಷದ ಅಂದಾಜು ಆದಾಯವನ್ನೂ ಕೊಡಿ. ಇಂಟರ್ನ್‌ಶಿಪ್ ಆಫರ್ ಕೈಗೆ ಬಂದ ದಿನವೇ ಲೆಕ್ಕ ಹಾಕಿ: ವಾರಕ್ಕೆ ಎಷ್ಟು, ಎಷ್ಟು ವಾರ, ಸೈನಿಂಗ್ ಬೋನಸ್ ಇದೆಯೇ, ಮನೆ ಬಾಡಿಗೆಗೆಂದು ಕೊಡುವ ಹಣ ಡಬ್ಲ್ಯು-2ಗೆ (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ಸೇರುತ್ತದೆಯೇ. ಬಾಡಿಗೆ ಭತ್ಯೆಯೇ ಹಲವರನ್ನು 16,100ರ ಆಚೆಗೆ ತಳ್ಳುತ್ತದೆ. ಬದಲಾವಣೆಯನ್ನು 30 ದಿನದೊಳಗೆ ಮಾರ್ಕೆಟ್‌ಪ್ಲೇಸ್‌ಗೆ ತಿಳಿಸಿದರೆ ಉಳಿದ ತಿಂಗಳುಗಳ ಮುಂಗಡ ಕಡಿಮೆಯಾಗಿ, ಕೊನೆಗೆ ಕಟ್ಟಬೇಕಾದ ಮೊತ್ತ ಇಳಿಯುತ್ತದೆ.

ಜನವರಿ ಕೊನೆಯ ಹೊತ್ತಿಗೆ ಮಾರ್ಕೆಟ್‌ಪ್ಲೇಸ್‌ನಿಂದ 1095-ಎ (ವರ್ಷದ ಪ್ರೀಮಿಯಂ, ಮುಂಗಡ ಕ್ರೆಡಿಟ್‌ನ ವಿವರ) ಬರುತ್ತದೆ. ರಿಟರ್ನ್ ಮಾಡುವ ಕ್ರಮ ಮುಖ್ಯ: ಮೊದಲು ಮಕ್ಕಳ, ತಾಯಿಯ ರಿಟರ್ನ್ ಸಿದ್ಧಪಡಿಸಿ, ಆಮೇಲೆ ನಿಮ್ಮದು. ಮಗಳ ರಿಟರ್ನ್ ಫಾರ್ಮ್ 1040ರಲ್ಲಿ ‘ಬೇರೆಯವರು ನನ್ನನ್ನು ಡಿಪೆಂಡೆಂಟ್ ಎಂದು ತೋರಿಸಬಹುದು’ ಎಂಬ ಚೌಕಕ್ಕೆ ಗುರುತು ಹಾಕಲೇಬೇಕು. ಹಾಸ್ಟೆಲ್‌ನಲ್ಲಿ ಕೂತು ಮೊಬೈಲ್‌ನಲ್ಲೇ ರಿಟರ್ನ್ ಸಲ್ಲಿಸುವ ಮಕ್ಕಳು ಇದನ್ನು ಬಿಟ್ಟರೆ ನಿಮ್ಮ ಇ-ಫೈಲ್ ತಿರಸ್ಕೃತವಾಗಬಹುದು.

ಫಾರ್ಮ್ 8962ರಲ್ಲಿ ಸಾಲು 1ಕ್ಕೆ ಕುಟುಂಬದ ಸಂಖ್ಯೆ, 2ಎಗೆ ನಿಮ್ಮ ಎಂಎಜಿಐ, 2ಬಿಗೆ ಮಿತಿ ದಾಟಿದ ಡಿಪೆಂಡೆಂಟ್‌ಗಳ ಒಟ್ಟು ಎಂಎಜಿಐ, 3ಕ್ಕೆ ಎರಡರ ಮೊತ್ತ, 4ಕ್ಕೆ ಬಡತನ ರೇಖೆ, 5ಕ್ಕೆ ಶೇಕಡಾವಾರು. ಡಿಪೆಂಡೆಂಟ್‌ನ ರಿಟರ್ನ್ ನಿಮ್ಮ ಫೈಲಿನಲ್ಲಿ ಇರುವುದಿಲ್ಲವಾದ್ದರಿಂದ 2ಬಿಯ ಮೊತ್ತವನ್ನು ನೀವೇ ತುಂಬಬೇಕಾಗುತ್ತದೆ. ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಸೊನ್ನೆ ಎಂದೇ ತಿಳಿಯುತ್ತದೆ.